ಎರಡನೇ ಬಾರಿ ಕುಡಿದು ವಾಹನ ಚಲಾಯಿಸಿದರೆ ಶಿಕ್ಷೆ ಏನು?

ಪ್ರಶ್ನೆ: ಕಳೆದ ವರ್ಷ ಇದೇ ಆರೋಪದಲ್ಲಿ ತಪ್ಪೊಪ್ಪಿಕೊಂಡು ನ್ಯಾಯಾಲಯದಲ್ಲಿ 10,000 ರೂಪಾಯಿ ದಂಡ ಕಟ್ಟಿದ್ದ ನನ್ನ ತಮ್ಮ, ಮೊನ್ನೆ ರಾತ್ರಿ ಬೆಂಗಳೂರಿನ ನಾಕಾಬಂದಿಯಲ್ಲಿ ಮತ್ತೆ ಸಿಕ್ಕಿಬಿದ್ದಿದ್ದಾನೆ. ಈ ಸಲವೂ ದಂಡದಲ್ಲೇ ಮುಗಿಯಬಹುದೇ?

ಉತ್ತರ 1: ಖಚಿತವಾಗಿ ಹೇಳಲಾಗದು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಾಂಶವಿದ್ದು ಅಪರಾಧ ಮರುಕಳಿಸಿದರೆ 2 ವರ್ಷದವರೆಗೆ ಸೆರೆವಾಸ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೂ ಶಿಕ್ಷೆಯೇ ಆದ್ದರಿಂದ ಹಿಂದಿನ ಪ್ರಕರಣ ಲೆಕ್ಕಕ್ಕೆ ಬರುತ್ತದೆ. ಬಹಳ ಜನ ಅದನ್ನು ಸಾಮಾನ್ಯ ಚಲನ್ ಎಂದು ಭಾವಿಸಿ ಮರೆತುಬಿಡುತ್ತಾರೆ. ಚಾಲನಾ ಪರವಾನಗಿಗೂ ಕುತ್ತು ಬರಬಹುದು.

ಉತ್ತರ 2: ವಾದಕ್ಕೆ ಅವಕಾಶವಿರುವುದು ದಾಖಲೆಗಳಲ್ಲಿ. ಉಸಿರಾಟ ತಪಾಸಣೆಯ ಮುದ್ರಿತ ಚೀಟಿಯಲ್ಲಿರುವ ಸಮಯ, ಹೆಸರು ಮತ್ತು ಅಂಕಿಗಳು ದೋಷಾರೋಪಣೆಗೆ ತಾಳೆಯಾಗುತ್ತವೆಯೇ, ಯಂತ್ರದ ನಿಖರತೆಯನ್ನು ನಿಯಮಿತವಾಗಿ ಪರೀಕ್ಷಿಸಲಾಗಿತ್ತೇ ಎಂದು ವಕೀಲರಿಂದ ಪರಿಶೀಲನೆ ಮಾಡಿಸಿ. ಬಂಧಿಸಿದ್ದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡುಗಡೆ ಮಾಡಬೇಕು. ಆದರೆ ಅಷ್ಟರಿಂದಲೇ ಪ್ರಕರಣ ಬಿದ್ದುಹೋಗುತ್ತದೆಂದು ನಂಬಬೇಡಿ. ‘ಗಾಡಿ ಇನ್ನೂ ಹೊರಟಿರಲಿಲ್ಲ’ ಎಂಬ ಸಮಜಾಯಿಷಿಯೂ ದುರ್ಬಲ, ಏಕೆಂದರೆ ಚಲಾಯಿಸಲು ಯತ್ನಿಸುವುದೂ ಅದೇ ಕಲಮಿನಡಿ ಅಪರಾಧ.

ಪ್ರಶ್ನಿಸಿದವರು: ಧನ್ಯವಾದ. ಹಳೆಯ ತೀರ್ಪಿನ ಪ್ರತಿಯನ್ನು ತೆಗೆದುಕೊಂಡು ನಾಳೆಯೇ ವಕೀಲರನ್ನು ಕಾಣುತ್ತೇವೆ.