‘ಡಾರ್ಕ್’ ಸರಣಿಯ ಯೋನಾಸ್ ಆಡಮ್ ಆಗುವುದು ನಂಬುವಂತಿದೆಯೇ?

ಪ್ರಶ್ನೆ (ತೀರ್ಥಹಳ್ಳಿ):
ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದ ದಿನಗಳಲ್ಲಿ ಕಾಲಪ್ರಯಾಣದ ಕಥೆಯುಳ್ಳ ಜರ್ಮನ್ ಸರಣಿ ‘ಡಾರ್ಕ್’ನ (2017–2020) ಎರಡನೆಯ ಸೀಸನ್ ಮುಗಿಸಿದೆ. ಕಾಣೆಯಾಗಿ ಹಿಂದಿನ ಕಾಲಕ್ಕೆ ಹೋದ ಬಾಲಕ ಮಿಕೆಲ್‌ನೇ ಯೋನಾಸ್‌ನ ತಂದೆ ಎಂದು ತಿಳಿದಾಗ ಬೆರಗಾದರೂ ಒಪ್ಪಿಕೊಂಡಿದ್ದೆ. ಆದರೆ ಅಷ್ಟು ಮೃದು ಮನಸ್ಸಿನ ಹುಡುಗ ಯೋನಾಸ್ ಮುಂದೆ ಮುದುಕನಾದಾಗ ಆಡಮ್ ಎಂಬ ಹೆಸರಿನವನಾಗಿ, ತಾನು ಪ್ರೀತಿಸಿದ ಮಾರ್ಥಾಳನ್ನೇ ಗುಂಡಿಕ್ಕಿ ಕೊಲ್ಲುವುದು ನನಗೆ ಜೀರ್ಣವಾಗುತ್ತಿಲ್ಲ. ಈ ತಿರುವಿಗೆ ಕಥೆಯಲ್ಲಿ ಆಧಾರವಿದೆಯೇ?

ಉತ್ತರ (ಸಾಗರ):
ಧಾರಾಳವಾಗಿದೆ ಸರ್. ಆ ಸೀಸನ್‌ನ ಆರನೆಯ ಕಂತನ್ನು ಇನ್ನೊಮ್ಮೆ ನೋಡಿ. ತಂದೆಯ ಆತ್ಮಹತ್ಯೆಯನ್ನು ತಪ್ಪಿಸಲೆಂದೇ 2019ರ ಜೂನ್‌ಗೆ ಹೋದ ಯೋನಾಸ್, ತಾನು ಅಲ್ಲಿ ಆಡಿದ ಮಾತಿನಿಂದಲೇ ಆ ಯೋಚನೆ ತಂದೆಗೆ ಬಂದಿತೆಂದು ಅರಿತು ಕುಸಿಯುತ್ತಾನೆ. ಒಳ್ಳೆಯದನ್ನು ಮಾಡಹೊರಟಾಗಲೆಲ್ಲ ಹೀಗೇ ಆದರೆ, ಈ ಗಂಟನ್ನು ಬಿಚ್ಚಲಾಗದು, ಕತ್ತರಿಸಿಯೇ ತೀರಬೇಕು ಎಂಬ ನಿರ್ಧಾರಕ್ಕೆ ಮನುಷ್ಯ ಬರುವುದು ಸಹಜವೆಂದೇ ನನಗೆ ತೋರುತ್ತದೆ.

ಉತ್ತರ (ಶಿವಮೊಗ್ಗ):
ಸಾಗರದವರ ಮಾತು ಒಪ್ಪಿದರೂ, ನಿಮ್ಮ ಅಸಮಾಧಾನವೂ ನ್ಯಾಯವಾದದ್ದೇ. ಎಲ್ಲವನ್ನೂ ಸರಿಪಡಿಸಲು ಹೆಣಗುವ ನಡುವಯಸ್ಸಿನ ಯೋನಾಸ್‌ಗೂ ಮುಖವೆಲ್ಲ ಗಾಯದ ಕಲೆಗಳಿರುವ ಮುದುಕ ಆಡಮ್‌ಗೂ ನಡುವಿನ ವರ್ಷಗಳನ್ನು ಎರಡನೆಯ ಸೀಸನ್ ತೋರಿಸುವುದೇ ಇಲ್ಲ. ಮೂರನೆಯದನ್ನು ನೋಡುವ ಮುನ್ನ ತೀರ್ಪು ಕೊಡಬೇಡಿ.