ಮುಂಬಯಿಯಲ್ಲಿ ಕುಡಿತ ಬಿಡೋ ಮೀಟಿಂಗ್: ಹೋದವರು ಹೇಳಿ ಅಂದಿದ್ದಕ್ಕೆ ಬಂದ ಉತ್ತರಗಳು

ಕೇಳಿದ್ದು, ಡೊಂಬಿವಲಿಯಿಂದ:
ನನ್ನ ತಮ್ಮನಿಗೆ 38 ವರ್ಷ. ಠಾಣೆಯಲ್ಲಿ ಹೋಟೆಲ್ ಕ್ಯಾಶಿಯರ್. ಕುಡಿತ ಕೈಮೀರಿದೆ, ಈಗೀಗ ಬೆಳಿಗ್ಗೆಯೂ ಬೇಕು. ಮೊನ್ನೆ ತಾನಾಗಿಯೇ "ಅಕ್ಕ, ಎಎ ಮೀಟಿಂಗಿಗೆ ಹೋಗಿ ನೋಡ್ತೇನೆ" ಅಂದ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಗುಂಪು. ಎಲ್ಲಿ ಹುಡುಕೋದು? ದುಡ್ಡೆಷ್ಟು? ಅವನ ಹಿಂದಿ ಅಷ್ಟಕ್ಕಷ್ಟೆ. ಊರಿನವರು ಯಾರಾದರೂ ನೋಡಿಬಿಟ್ಟರೆ ಅಂತ ಹೆದರಿಕೆ ಬೇರೆ.

ಘಾಟ್ಕೋಪರ್‌ನಿಂದ, ಬಿಟ್ಟು ಏಳನೇ ವರ್ಷ:
ಅಕ್ಕ, ಅವನೇ ಬಾಯಿಬಿಟ್ಟು ಹೇಳಿದ್ದಾನಲ್ಲ, ಇವತ್ತೇ ಫೋನ್ ಮಾಡಿಸಿ. ನಾಳೆ, ನಾಳೆ ಅಂತ ನಾನು ಎರಡು ವರ್ಷ ದೂಡಿದವನು. ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಸಹಾಯವಾಣಿ ನಂಬರ್ ಸಿಗುತ್ತದೆ. ಯಾವ ಸ್ಟೇಷನ್ ಹತ್ತಿರ ಅಂತ ಹೇಳಿದರೆ ಅಲ್ಲಿನ ಮೀಟಿಂಗ್ ಯಾವ ವಾರ, ಎಷ್ಟು ಹೊತ್ತಿಗೆ ಅಂತ ತಿಳಿಸುತ್ತಾರೆ. ಫೋನ್ ಅವನೇ ಮಾಡಲಿ, ನೀವು ಸುಮ್ಮನೆ ಪಕ್ಕದಲ್ಲಿ ಕೂತಿರಿ.

ನನ್ನ ಮೊದಲ ಮೀಟಿಂಗ್ ಇದ್ದದ್ದು ಒಂದು ಶಾಲೆಯ ಕ್ಲಾಸ್‌ರೂಮಿನಲ್ಲಿ. ಗೇಟಿನ ಮುಂದೆ ಎರಡು ಸಲ ಹಾದುಹೋದೆ, ಎದುರಿನ ಗಾಡಿಯಲ್ಲಿ ಹಸಿವಿಲ್ಲದೆ ಒಂದು ವಡಾಪಾವ್ ತಿಂದೆ, ಆಮೇಲೆ ಒಳಗೆ ಹೋದೆ. ಎರಡನೇ ಕ್ಲಾಸಿನ ಮಕ್ಕಳ ಬೆಂಚು, ಮೊಣಕಾಲು ಎಲ್ಲಿಡೋದು ಗೊತ್ತಾಗಲಿಲ್ಲ. ಬೋರ್ಡಿನ ಮೇಲೆ ಮರಾಠಿಯಲ್ಲಿ ಏಳರ ಮಗ್ಗಿ ಹಾಗೇ ಇತ್ತು. ಒಂದು ಗಂಟೆ ಹೊತ್ತು ನಾನು ನೋಡಿದ್ದು ಅದನ್ನೇ.

ಮಾತಾಡಲೇಬೇಕು ಅಂತೇನಿಲ್ಲ. ನಿಮ್ಮ ಸರದಿ ಬಂದಾಗ ಹೆಸರು ಹೇಳಿ, "ಇವತ್ತು ಕೇಳ್ತೇನೆ" ಅಂದರೆ ಮುಗಿಯಿತು. ಸರ್‌ನೇಮ್ ಯಾರೂ ಕೇಳುವುದಿಲ್ಲ. ನನ್ನದು ಹೋಟೆಲ್ ಹಿಂದಿ, ಆರ್ಡರ್ ಕೂಗುವಷ್ಟು ಮಾತ್ರ. ನಾಲ್ಕನೇ ವಾರ ಅಮ್ಮನ ವಿಷಯ ಹೇಳಹೊರಟು ಮಾತು ಸಿಕ್ಕಿಕೊಂಡಾಗ ಉಳಿದದ್ದನ್ನು ಕನ್ನಡದಲ್ಲೇ ಹೇಳಿಬಿಟ್ಟೆ. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಕೊನೆಯವರೆಗೂ ಕೇಳಿದರು.

ಇನ್ನು ಊರಿನವರು. ಒಂದು ಸಂಜೆ ನನ್ನ ಮುಂದಿನ ಬೆಂಚಿನವರು ತಿರುಗಿದರೆ ನಮ್ಮ ಪಕ್ಕದ ಗ್ರಾಮದವರು! ಮದುವೆ, ಪೂಜೆ ಅಂತ ವರ್ಷಕ್ಕೆ ನಾಲ್ಕು ಸಲ ಸಿಗುವವರು. ನನ್ನ ರಕ್ತವೇ ಇಂಗಿತು. ಚಹಾ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ "ಈರ್‌ಲಾ?" ಅಂದರು. ತುಳುವಿನಲ್ಲಿ, ನೀವೂನಾ ಅಂತ. ಇವತ್ತಿಗೆ ಅವರೇ ನನ್ನ ಸ್ಪಾನ್ಸರ್, ಅಂದರೆ ಕುಡಿಯೋ ಆಸೆ ಬಂದಾಗ ನಡುರಾತ್ರಿಯಾದರೂ ಫೋನ್ ಮಾಡಬಹುದಾದ ಹಿರಿಯರು. ಮದುವೆಮನೆಯಲ್ಲಿ ಸಿಕ್ಕರೆ ಬರೀ ಮಳೆಯ ಸುದ್ದಿ ಮಾತಾಡುತ್ತೇವೆ.

ಫೀಸಿಲ್ಲ. ಕೊನೆಗೆ ಒಂದು ಡಬ್ಬಿ ಬರುತ್ತದೆ, ಬಾಡಿಗೆಗೆ, ಚಹಾಕ್ಕೆ. ಕುಡಿತ ಬಿಡಬೇಕು ಅನ್ನೋ ಆಸೆಯೊಂದಿದ್ದರೆ ಸಾಕು, ಸೇರಲು ಬೇರೆ ಅರ್ಹತೆ ಬೇಡ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇದನ್ನು ಶುರುಮಾಡಿದ ಇಬ್ಬರೂ, ಒಬ್ಬ ಷೇರುಪೇಟೆಯವ, ಒಬ್ಬ ಸರ್ಜನ್, ಕುಡಿದು ಕುಡಿದು ಸೋತವರೇ.

ಒಂದು ಮಾತು ಕೇಳದೆಯೂ ಹೇಳುತ್ತೇನೆ. ಅವನ ಹೋಟೆಲಿನಲ್ಲಿ ಬಾರ್ ಇದೆಯಾ? ಇದ್ದರೆ ಬೇರೆ ಬ್ರಾಂಚಿಗೆ ಹಾಕಿಸಿಕೊಳ್ಳಲಿ. ಆಟಿ ಅಮಾವಾಸ್ಯೆ, ಅಂದರೆ ಆಷಾಢದ ಅಮಾವಾಸ್ಯೆ ದಿನವನ್ನೂ ನೆನಪಿಡಿ. ಊರಲ್ಲಿ ಹಾಲೆಮರದ ಕೆತ್ತೆ ಕಷಾಯ ಕುಡಿಯೋ ದಿನ, ಇಲ್ಲಿ ಅದೇ ಗಟಾರಿ. ಶ್ರಾವಣ ಬಂದರೆ ಕುಡಿಯೋ ಹಾಗಿಲ್ಲವಲ್ಲ ಅಂತ ಇಡೀ ಗಲ್ಲಿ ಕುಡಿಯುತ್ತದೆ. ನಾನು ಆ ದಿನ ಎರಡೆರಡು ಮೀಟಿಂಗಿಗೆ ಹೋಗುತ್ತೇನೆ.

ಕಲ್ಯಾಣದಿಂದ, ನರ್ಸ್:
ಬೆಳಿಗ್ಗೆಯೂ ಬೇಕು ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಅಂಥವರು ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ವಿಪರೀತ ಬೆವರು, ನಡುಕ, ಇಲ್ಲದ್ದು ಕಾಣುವುದು ಶುರುವಾದರೆ ಜೀವಕ್ಕೇ ಅಪಾಯ. ಮೊದಲು ಡಾಕ್ಟರ್. ಕೆಇಎಂ, ಸಾಯನ್‌ನಂಥ ಮುನ್ಸಿಪಲ್ ಆಸ್ಪತ್ರೆಗಳಲ್ಲಿ ಮಾನಸಿಕ ವಿಭಾಗದ ಓಪಿಡಿ ಇದೆ. ಕುಡಿತ ಎಷ್ಟು ಅಂತ ಸುಳ್ಳು ಹೇಳಬೇಡಿ, ಔಷಧದ ಅಳತೆ ಅದರ ಮೇಲೇ ನಿಲ್ಲುತ್ತದೆ. ಯಾರಾದರೂ ಡೈಸಲ್ಫಿರಾಮ್, ಅಂದರೆ ಕುಡಿದರೆ ಮೈಗಾಗದಂತೆ ಮಾಡುವ ಮಾತ್ರೆ, ಪುಡಿಮಾಡಿ ಸಾರಿಗೆ ಹಾಕಿ ಅಂದರೆ ದಮ್ಮಯ್ಯ, ಹಾಕಬೇಡಿ. ಗೊತ್ತಿಲ್ಲದೆ ಮೇಲೆ ಕುಡಿದರೆ ಬಿ.ಪಿ. ಕುಸಿದು ಪ್ರಾಣ ಹೋಗಬಹುದು. ಯಾರನ್ನು ಕೇಳುವುದು ತಿಳಿಯದಿದ್ದರೆ ವ್ಯಸನಮುಕ್ತಿಗೆ ಸರಕಾರದ 14446 ಇದೆ, ದುಡ್ಡಿಲ್ಲ.

ಪುಣೆಯಿಂದ, ಮೂಲ ವಿಜಯಪುರ:
ಅಕ್ಕಾರ, ನಮ್ಮ ಮನಿಯವರನ್ನ ಯರವಡಾದಾಗಿನ ಮುಕ್ತಾಂಗಣ ಅನ್ನೋ ವ್ಯಸನಮುಕ್ತಿ ಕೇಂದ್ರಕ್ಕ ಸೇರಿಸಿದ್ದೆ. ಅವಚಟ ದಂಪತಿ 1986ರಾಗ ಚಾಲೂ ಮಾಡಿದ್ದು. ಅಲ್ಲೇ ಉಳಕೊಂಡು ಬಿಡಬೇಕು. ಮಾತೆಲ್ಲಾ ಮರಾಠಿ, ನಮಗೇನು ಅದು ಹೊಸದಲ್ಲ. ಹೊರಗ ಬಂದ ಐದು ತಿಂಗಳಿಗೆ ಮತ್ತ ಕುಡದ್ರು. ಎಎ ಗ್ರೂಪಿನ್ಯಾಗ ಯಾರೂ ಬೈಲಿಲ್ಲ, "ಇವತ್ತಿಂದ ಮತ್ತ ಒಂದನೇ ದಿನಾ" ಅಂದ್ರಂತ. ನಾನೂ ಮನಿ ಮಂದಿಗಂತ ಇರೋ ಅಲ್-ಅನಾನ್‌ಗೆ ಹೋಗಾಕತ್ತೀನಿ. ಬಾಟ್ಲಿ ಹುಡುಕಿ ಬಚ್ಚಲಕ್ಕ ಸುರಿಯೋದು ಬಿಟ್ಟಿದ್ದು ಅಲ್ಲಿಗೆ ಹೋದ ಮ್ಯಾಲ. ನೀವೂ ಹೋಗ್ರಿ, ತಮ್ಮ ಬಂದ್ರೂ ಸರಿ, ಬರದಿದ್ರೂ ಸರಿ.

ಡೊಂಬಿವಲಿಯಿಂದ, ಹದಿನೆಂಟು ದಿನದ ಮೇಲೆ:
ಮೊದಲು ಆಸ್ಪತ್ರೆ ತೋರಿಸಿದೆವು, ಆರು ದಿನ ಅಡ್ಮಿಟ್ ಮಾಡಿಕೊಂಡರು. ನಿನ್ನೆ ಮೀಟಿಂಗಿಗೆ ಹೋಗಿ ಬಂದ. ಹೇಗಿತ್ತೋ ಅಂದೆ. "ಚಹಾ ಏನೂ ಸರಿಯಿಲ್ಲ ಅಕ್ಕ, ಹಾಲೇ ಹಾಕಲ್ಲ" ಅಂದ. ಶನಿವಾರ ಬೇಗ ಹೋಗಿ ತಾನೇ ಮಾಡುತ್ತಾನಂತೆ.