4 ಜಿಬಿ ರ‍್ಯಾಮ್, ಹಗುರ ಡೆಸ್ಕ್‌ಟಾಪ್, ಆದರೂ ಸಂಜೆಗೆ ತುಂಬುತ್ತದೆ. ನಿಮಗೂ ಹೀಗಾಗಿತ್ತಾ?

ಹೊಸನಗರದ ತೋಟದವ

ನಮಸ್ಕಾರ. ನನ್ನದು 4 ಜಿಬಿಯ ಹಳೆ ಲ್ಯಾಪ್‌ಟಾಪ್. ಡೆಬಿಯನ್ ಲಿನಕ್ಸ್, ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ. ದೀಪಾವಳಿ ಹೊತ್ತಿಗೆ ಡೆಬಿಯನ್ 12ರಿಂದ 13ಕ್ಕೆ ಏರಿಸಿದೆ. ಆನ್ ಮಾಡಿದಾಗ ಮೆಮೊರಿ ಬಳಕೆ 650 ಎಂಬಿ ತೋರಿಸುತ್ತದೆ. ಅಡಿಕೆ ಕೊನೆ ಕೊಯ್ಲಿನ ಕೂಲಿ ಲೆಕ್ಕ ಬರೆಯುತ್ತೇನೆ. ಮಂಡಿ ಚೀಟಿ, ಪಹಣಿ ಎಲ್ಲ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ ಇಡುತ್ತೇನೆ. ಸಂಜೆ ಹೊತ್ತಿಗೆ 2.9 ಜಿಬಿ ಆಗಿರುತ್ತದೆ. ಮೌಸ್ ಅಲ್ಲಾಡುವುದಿಲ್ಲ. ಸ್ಕ್ಯಾನ್ ಪ್ರೋಗ್ರಾಂ ಅರ್ಧಕ್ಕೇ ನಿಂತರೆ ಕಿಲ್ ಮಾಡುತ್ತೇನೆ, ಅಂದರೆ ಬಲವಂತವಾಗಿ ನಿಲ್ಲಿಸುತ್ತೇನೆ.

ನನಗೆ ಅರ್ಥವಾಗದ್ದು ಒಂದೇ. ಎಲ್ಲ ಮುಚ್ಚಿದರೂ ಅದು ಇಳಿಯುವುದಿಲ್ಲ. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದಿದೆ ಅಂತ ತೋರಿಸುವ ಎಚ್‌ಟಾಪ್‌ನಲ್ಲಿ ಒಂದೊಂದಾಗಿ ಕೂಡಿದರೆ 700 ಎಂಬಿಯೂ ಆಗುವುದಿಲ್ಲ. ಉಳಿದ 2 ಜಿಬಿ ಎಲ್ಲಿ ಹೋಯ್ತು? ಆಫ್ ಮಾಡುವುದು ಕಡಿಮೆ, ಮುಚ್ಚಳ ಮುಚ್ಚಿ ಮಲಗಿಸುತ್ತೇನೆ. ರ‍್ಯಾಮ್ ಹಾಕಿಸಲಾ, ಡೆಸ್ಕ್‌ಟಾಪ್ ಬದಲಿಸಲಾ? ಅನುಭವ ಇದ್ದವರು ಹೇಳಿ.

ಸಾಗರದವ

ರ‍್ಯಾಮ್ ತರಲು ಹೊರಡುವ ಮೊದಲು ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ನಾನೂ ಹೀಗೇ ಗಾಬರಿ ಬಿದ್ದೆ. ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್ ಕೊಟ್ಟರೆ ಫ್ರೀ ಎಂಬ ಕಾಲಂನಲ್ಲಿ 180 ಎಂಬಿ ಮಾತ್ರ ಉಳಿದಿತ್ತು. ಶಿವಮೊಗ್ಗಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ಕಡ್ಡಿ ತಂದೆ. 1,150 ರೂಪಾಯಿ. ಮನೆಗೆ ಬಂದು ಹಾಕಿದರೆ ಸ್ಕ್ರೀನೇ ಬರಲಿಲ್ಲ. ನನ್ನದು ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪ್. ಅದಕ್ಕೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ತಂದದ್ದು 1.5 ವೋಲ್ಟಿನದು. ಮತ್ತೆ ಅಷ್ಟು ದೂರ ಹೋದೆ. ಮಾರಿದ ಮಾಲು ವಾಪಸ್ ಇಲ್ಲ ಅಂದರು. ಕಡ್ಡಿಗೆ 1,150, ಎರಡು ಸಲದ ಬಸ್ಸಿಗೆ 400, ಊಟ ತಿಂಡಿಗೆ 160. ಒಂದು ದಿನದ ರಜೆ ಬೇರೆ. ಕಡ್ಡಿ ಈಗಲೂ ಡ್ರಾಯರ್‌ನಲ್ಲಿ ಬಿದ್ದಿದೆ.

ಆಮೇಲೆ ಗೊತ್ತಾಯಿತು, ನೋಡಬೇಕಾದ್ದು ಅವೈಲಬಲ್ ಕಾಲಂ. ಅದರಲ್ಲಿ ಆವತ್ತೂ 2.1 ಜಿಬಿ ಇತ್ತು! ಓದಿದ ಫೈಲುಗಳನ್ನು ಲಿನಕ್ಸ್ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ, ಬೇರೆ ಪ್ರೋಗ್ರಾಂ ಕೇಳಿದಾಗ ಬಿಟ್ಟುಕೊಡುತ್ತದೆ. ಇದೇ ಕ್ಯಾಶ್. ಖಾಲಿ ರ‍್ಯಾಮ್ ಅಂದರೆ ಬೀಳುಬಿಟ್ಟ ಗದ್ದೆ, ಅಷ್ಟೇ. ನಿಮ್ಮದೂ ಅದೇ ಇರಬೇಕು.

ತೀರ್ಥಹಳ್ಳಿ ಮೇಷ್ಟ್ರು

ಡೆಸ್ಕ್‌ಟಾಪ್ ಬದಲಿಸಿ. ನಾನು ಬರೀ ಕಿಟಕಿಗಳನ್ನು ನೋಡಿಕೊಳ್ಳುವ ಓಪನ್‌ಬಾಕ್ಸ್‌ಗೆ ಬಂದು ಆರು ವರ್ಷದ ಮೇಲಾಯಿತು. ಮೊದಲು ಲುಬುಂಟು ಎಂಬ ಹಗುರ ಲಿನಕ್ಸ್ ಇತ್ತು. 18.10 ಆವೃತ್ತಿಯಲ್ಲಿ ಅದು ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್ ಬಿಟ್ಟು ಎಲ್‌ಎಕ್ಸ್‌ಕ್ಯೂಟಿಗೆ ಹೋಯಿತು. ಆಗಲೇ ನಾನು ಎಲ್ಲವನ್ನೂ ಕೈಯಾರೆ ಕಟ್ಟಿಕೊಳ್ಳುವುದೆಂದು ತೀರ್ಮಾನ ಮಾಡಿದೆ. ಪ್ಯಾನಲ್‌ಗೆ ಟಿಂಟ್2, ಫೈಲುಗಳಿಗೆ ಪಿಸಿಮ್ಯಾನ್ಎಫ್‌ಎಂ. ಮೆನು ಫೈಲನ್ನು ಕೂತು ಬರೆದೆ. ಹನ್ನೊಂದು ದಿನ ಹಿಡಿಯಿತು. ಈಗ ಬೂಟ್ ಆದಾಗ 240 ಎಂಬಿ. ಜತೆಗೆ ಕ್ಯಾಶ್ ಖಾಲಿ ಮಾಡುವ ಡ್ರಾಪ್ ಕ್ಯಾಶಸ್ ಗಂಟೆಗೊಮ್ಮೆ ತಾನಾಗಿಯೇ ಓಡುವ ಹಾಗೆ ಕ್ರಾನ್‌ನಲ್ಲಿ ಹಾಕಿದ್ದೇನೆ. ಮೆಮೊರಿ ತುಂಬಿದ್ದು ನೋಡಿಯೇ ಇಲ್ಲ.

ಸೊರಬ ಮಳೆಹನಿ

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಗಂಟೆಗೊಮ್ಮೆ ಕ್ಯಾಶ್ ಖಾಲಿ ಮಾಡುವುದು ಅಂದರೆ ತುಂಬಿಟ್ಟ ಕೊಡ ಚೆಲ್ಲಿ ಮತ್ತೆ ಬಾವಿಗೆ ಹೋದ ಹಾಗೆ. ಎಲ್ಲವನ್ನೂ ಡಿಸ್ಕ್‌ನಿಂದ ಮತ್ತೆ ಓದಬೇಕು. ಹಾರ್ಡ್ ಡಿಸ್ಕ್ ಇದ್ದವರಿಗೆ ಇದು ಶಿಕ್ಷೆ. ದಯವಿಟ್ಟು ಹೊಸಬರಿಗೆ ಇದನ್ನು ಹೇಳಿಕೊಡಬೇಡಿ.

ಡೆಸ್ಕ್‌ಟಾಪ್ ಬದಲಿಸಿದರೆ ಉಳಿತಾಯ ಆಗುವುದು 300-400 ಎಂಬಿ. ಬ್ರೌಸರಿನ ಒಂದು ಭಾರಿ ಟ್ಯಾಬ್ ಅದನ್ನು ಒಂದೇ ಗುಟುಕಿಗೆ ಕುಡಿಯುತ್ತದೆ. ನಾನು ಮನೆಯಿಂದಲೇ ಕೆಲಸ ಮಾಡುವವಳು. 2024ರ ಜುಲೈ ತಿಂಗಳು. ಹೊರಗೆ ಜಡಿಮಳೆ. ಹಿತ್ತಲ ದಿಬ್ಬದ ಮೇಲಿಟ್ಟ ಫೋನಿನಿಂದ ಒಂದೇ ಕಡ್ಡಿ ನೆಟ್‌ವರ್ಕ್. ಗಿರಾಕಿಗೆ ಪರದೆ ತೋರಿಸುತ್ತಿದ್ದೆ. ಮೆಮೊರಿ ಮುಗಿಯಿತು, ಲಿನಕ್ಸಿನ ತಿರುಳಾದ ಕರ್ನಲ್ ಬ್ರೌಸರನ್ನೇ ಕೊಂದಿತು. ಒಂದೇ ವಾರದಲ್ಲಿ ಎರಡು ಸಲ. ಎರಡನೇ ಸಲ ಅವರು ಮತ್ತೆ ಕರೆ ಮಾಡಲಿಲ್ಲ. 38,000 ರೂಪಾಯಿಯ ಕೆಲಸ ಹೋಯಿತು. ಅದು ಇವತ್ತಿಗೂ ಚುಚ್ಚುತ್ತದೆ.

ಆ ರಾತ್ರಿಯೇ ಜಡ್‌ರ‍್ಯಾಮ್ ಹಾಕಿದೆ. ಡೆಬಿಯನ್‌ನಲ್ಲಿ ಜಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜ್ ಸಾಕು, ಕುಗ್ಗಿಸುವ ಅಲ್ಗಾರಿದಂ ಜಡ್‌ಸ್ಟ್ಯಾಂಡರ್ಡ್ ಇಡಿ. ಮೆಮೊರಿ ಸಾಲದಾಗ ಡಿಸ್ಕ್‌ಗೆ ಸರಿಸಿಡುವುದು ಸ್ವಾಪ್; ಇದು ಮೆಮೊರಿಯೊಳಗೇ ಸ್ವಾಪ್ ಮಾಡಿ ಕುಗ್ಗಿಸಿ ಇಡುತ್ತದೆ. ನನ್ನಲ್ಲಿ 1.4 ಜಿಬಿ ಮಾಲು 420 ಎಂಬಿಯಲ್ಲಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ 2020ರಲ್ಲೇ 33ನೇ ಆವೃತ್ತಿಯಿಂದ ಇದನ್ನು ತಾನಾಗಿಯೇ ಹಾಕಿ ಕೊಡುತ್ತಿದೆ. ನಾವು ಇನ್ನೂ ಮೆನು ಫೈಲು ಬರೆಯುತ್ತಾ ಕೂತಿದ್ದೇವೆ.

ತೀರ್ಥಹಳ್ಳಿ ಮೇಷ್ಟ್ರು

ಮೆನು ಫೈಲು ಬರೆದಿದ್ದಕ್ಕೇ ನನಗೆ ಪ್ರತಿ ಪ್ರೋಗ್ರಾಂ ಎಲ್ಲಿಂದ ಏಳುತ್ತದೆ ಅಂತ ಗೊತ್ತು. ನನ್ನ ಯಂತ್ರ ಒಂದು ದಿನವೂ ಸತ್ತಿಲ್ಲ. ನಿಮ್ಮದು ಗಿರಾಕಿಯ ಮುಂದೆ ಸತ್ತಿತು. ಯಾರ ಮಾತು ಕೇಳಬೇಕು ಅಂತ ತೋಟದವರು ತೀರ್ಮಾನಿಸಲಿ.

ದುರ್ಗಿಗುಡಿ ಡಿಟಿಪಿ

ಇಬ್ಬರೂ ಸ್ವಲ್ಪ ಸುಮ್ಮನಿರಿ. ಹಗುರ ಡೆಸ್ಕ್‌ಟಾಪ್ ಅನ್ನುವುದೇ ನಮ್ಮಂಥವರ ಪಾಲಿಗೆ ಸುಳ್ಳು. ನನ್ನ ಹೊಟ್ಟೆಪಾಡು ಕನ್ನಡ ಟೈಪಿಂಗ್. ಮದುವೆ ಕಾಗದ, ವೈಕುಂಠ ಸಮಾರಾಧನೆ ಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ. ನಾನು ಕೆಲಸ ಕೊಡುವ ಪ್ರೆಸ್ಸಿನವರು ಯೂನಿಕೋಡ್ ಅಲ್ಲದ ಹಳೆ ಆಸ್ಕಿ ನುಡಿ ಫಾಂಟಿನ ಫೈಲು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹಾಗಾಗಿ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುವ ವೈನ್ ಹಾಕಿ, ಅದರ ಮೇಲೆ ನುಡಿ, ಅದರ ಮೇಲೆ ಪೇಜ್‌ಮೇಕರ್. ಜತೆಗೆ ಬ್ರೌಸರ್. ಮಧ್ಯಾಹ್ನದೊಳಗೆ 3 ಜಿಬಿ.

ಮೂರು ವರ್ಷದಲ್ಲಿ ಏನೇನು ಮಾಡಿದೆ ಕೇಳಿ. ಎಲ್‌ಎಕ್ಸ್‌ಡಿಇ ಹಾಕಿದೆ, ತೆಗೆದೆ. ಎಸ್‌ಎಸ್‌ಡಿಗೆ 1,900 ಕೊಟ್ಟೆ. ಕೊನೆಗೆ 8 ಜಿಬಿ ಕಡ್ಡಿಗೆ 1,700 ಕೊಟ್ಟೆ. ಸಮಾಧಾನ ಸಿಕ್ಕಿದ್ದು ಆ ಕಡ್ಡಿಯಿಂದ ಮಾತ್ರ. ಸ್ವಾಪ್ ಕಡೆ ಎಷ್ಟು ವಾಲಬೇಕು ಅನ್ನುವ ಅಂಕಿ ಸ್ವಾಪಿನೆಸ್, ಮಾಮೂಲಿ 60 ಇರುತ್ತದೆ, ಅದನ್ನು 10ಕ್ಕೆ ಇಳಿಸಿದೆ. ಜಡ್‌ರ‍್ಯಾಮ್ ಕೂಡ ಇದೆ.

ಸೊರಬ ಮಳೆಹನಿ

ಜಡ್‌ರ‍್ಯಾಮ್ ಇಟ್ಟುಕೊಂಡು ಸ್ವಾಪಿನೆಸ್ 10 ಇಟ್ಟರೆ ಜಡ್‌ರ‍್ಯಾಮ್ ಹಾಕಿದ್ದೇ ದಂಡ. 10 ಅನ್ನುವುದು ನಿಧಾನದ ಡಿಸ್ಕ್ ಕಾಲದ ಸಲಹೆ. ಜಡ್‌ರ‍್ಯಾಮ್‌ಗೆ 100 ಅಥವಾ ಅದಕ್ಕಿಂತ ಜಾಸ್ತಿ ಇಡಬೇಕು. ಕರ್ನಲ್ 5.8ರಿಂದ 200ರ ತನಕ ಇಡಬಹುದು.

ಕಗಪ ಕೈ

ದುರ್ಗಿಗುಡಿಯವರೇ, ಕನ್ನಡ ಟೈಪ್ ಮಾಡಲು ವೈನ್ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಕಗಪ ವಿನ್ಯಾಸ ಇದೆ. ನುಡಿಯಲ್ಲಿ ಬೆರಳು ಹೇಗೆ ಓಡುತ್ತದೋ ಇಲ್ಲೂ ಬಹುಮಟ್ಟಿಗೆ ಹಾಗೇ. ಬೇರೆ ಭಾಷೆ ಟೈಪಿಂಗಿಗೆ ಹಾಕುವ ಐಬಸ್ ಕೂಡ ಬೇಡ. ಹಿನ್ನೆಲೆಯಲ್ಲಿ ಏನೂ ಕೂತಿರುವುದಿಲ್ಲ, ಮೆಮೊರಿಗೆ ಖರ್ಚೇ ಇಲ್ಲ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನಲ್ಲೇ ಸಿಗುತ್ತವೆ. ನಾನು 80 ಪುಟದ ಊರಿನ ದೇವಸ್ಥಾನದ ಸ್ಮರಣ ಸಂಚಿಕೆಯನ್ನು ಪೂರ್ತಿ ಯೂನಿಕೋಡ್‌ನಲ್ಲಿ ಲಿಬ್ರೆ ಆಫೀಸಿನಲ್ಲೇ ಮಾಡಿದೆ. ಒತ್ತು, ಅರ್ಕಾವೊತ್ತು ಎಲ್ಲೂ ತಪ್ಪಲಿಲ್ಲ.

ದುರ್ಗಿಗುಡಿ ಡಿಟಿಪಿ

ಸ್ಮರಣ ಸಂಚಿಕೆ ವರ್ಷಕ್ಕೊಂದು. ನನಗೆ ದಿನಕ್ಕೆ ಎಂಟು ಕೆಲಸ. ಪ್ರೆಸ್ಸಿನವರು ಯೂನಿಕೋಡ್ ಫೈಲು ನೋಡಿ ವಾಪಸ್ ಕಳಿಸಿದರೆ ಮದುವೆ ನಿಲ್ಲುವುದಿಲ್ಲ, ನನ್ನ ದುಡ್ಡು ನಿಲ್ಲುತ್ತದೆ. 2022ರಲ್ಲಿ ನಿಮ್ಮ ಹಾಗೇ ಯೂನಿಕೋಡ್‌ಗೆ ಹೋಗಿ ಕೈ ಸುಟ್ಟುಕೊಂಡಿದ್ದೇನೆ. 64 ಪುಟದ ವರದಿಯನ್ನು ಪರಿವರ್ತಕದಲ್ಲಿ ಆಸ್ಕಿಗೆ ತಿರುಗಿಸಿದೆ. 'ರ್ಯ' ಇದ್ದ ಕಡೆಯೆಲ್ಲ ಅಕ್ಷರ ಕೆಟ್ಟಿತು. 'ಕಾರ್ಯದರ್ಶಿ' ಅನ್ನುವ ಪದ ಆ ವರದಿಯಲ್ಲಿ ನೂರಾರು ಸಲ ಇತ್ತು. ಎರಡು ರಾತ್ರಿ ನಿದ್ದೆಗೆಟ್ಟು ಕೈಯಲ್ಲಿ ತಿದ್ದಿದೆ. ಸುಲಭ ಅಂತ ನನಗೆ ಹೇಳಬೇಡಿ.

ಭದ್ರಾವತಿ ರಿಪೇರಿ

ಜಗಳದ ಮಧ್ಯೆ ಒಂದು ಮಾತು. ಹಳೆ ಯಂತ್ರ ತಂದವರಿಗೆ ನಾನು ಮೊದಲು ಕೇಳುವುದು ಟೋಟಲ್ ಎಷ್ಟು ತೋರಿಸುತ್ತಿದೆ ಅಂತ. ನಮ್ಮ ಕಡೆ ಮಳೆಗಾಲದಲ್ಲಿ ತೇವ ಹಿಡಿದು ಕಡ್ಡಿಯ ಕಾಲು ಕಪ್ಪಾಗುತ್ತದೆ. ಎರಡು ಕಡ್ಡಿ ಇದ್ದರೆ ಒಂದು ಕಾಣಿಸುವುದೇ ನಿಲ್ಲುತ್ತದೆ. 4 ಜಿಬಿ ಇದ್ದದ್ದು 2 ಆಗುತ್ತದೆ. ಮನೆಯವರು ಲಿನಕ್ಸನ್ನು ಬೈಯುತ್ತಾ ಬರುತ್ತಾರೆ. ಈ ಸಲ ಆಗುಂಬೆ ಕಡೆಯಿಂದ ಬಂದ ಒಂದು ಲ್ಯಾಪ್‌ಟಾಪಿನಲ್ಲಿ ಕಡ್ಡಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಹೊಗೆ ಹಿಡಿದ ಅಟ್ಟದ ಬಣ್ಣ ಇತ್ತು. ಬ್ಯಾಟರಿ ತೆಗೆದು, ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಒಣಬಟ್ಟೆಯಲ್ಲಿ ಒರೆಸಿ ಕೂರಿಸಿದೆ. ಎರಡೂ ಕಾಣಿಸಿದವು. ಐದು ರೂಪಾಯಿಯ ರಬ್ಬರ್.

ಪ್ರಸಂಗ ಸಂಗ್ರಹ, ಶೃಂಗೇರಿ

ನನ್ನದನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಾನು ಇದರಲ್ಲಿ ಎರಡು ತಿಂಗಳು ಕಳೆದುಕೊಂಡೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಯಕ್ಷಗಾನ ಪ್ರಸಂಗದ ಕೈಬರಹಗಳಿವೆ. ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಮಳೆ ಹಿಡಿಯುವ ಮೊದಲು ಸ್ಕ್ಯಾನ್ ಮಾಡಿ ಮುಗಿಸಬೇಕು ಅಂತ ಹೊರಟೆ. ಎ4 ಅಳತೆ, ಬಣ್ಣದಲ್ಲಿ, 600 ಡಿಪಿಐ. ಹದಿನೈದು ಇಪ್ಪತ್ತು ಪುಟ ಆಗುವಷ್ಟರಲ್ಲಿ ಯಂತ್ರ ಕಲ್ಲು. ಪ್ರೋಗ್ರಾಂ ಕಿಲ್ ಮಾಡಿದರೂ ಮೆಮೊರಿ ಇಳಿಯುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿ. ನಾನೂ ಎಕ್ಸ್‌ಎಫ್‌ಸಿಇಯನ್ನು ಬೈದೆ. ಥಂಬ್‌ನೇಲ್ ಮಾಡುವ ಟಂಬ್ಲರ್ ತೆಗೆದೆ, ಕಂಪೋಸಿಟಿಂಗ್ ನಿಲ್ಲಿಸಿದೆ, ಸ್ಕ್ಯಾನರಿನ ಡ್ರೈವರ್ ಬದಲಿಸಿದೆ. ಏನೂ ಆಗಲಿಲ್ಲ. ಒಂದು ಪ್ರಸಂಗದ ಮೊದಲ 12 ಹಾಳೆಗಳನ್ನು ನಾಲ್ಕು ಸಲ ಗಾಜಿನ ಮೇಲಿಟ್ಟೆ. ನಾಲ್ಕನೇ ಸಲ ಒಂದು ಹಾಳೆಯ ಅಂಚು ಕೈಯಲ್ಲೇ ಉಳಿಯಿತು. ಆವತ್ತು ಊಟ ಸೇರಲಿಲ್ಲ.

ಕಾರಣ ಡೆಬಿಯನ್ 13ರಲ್ಲಿ ಆದ ಬದಲಾವಣೆ. ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರ್ ಈಗ ಡಿಸ್ಕ್‌ನಲ್ಲಿ ಇರುವುದಿಲ್ಲ, ಮೆಮೊರಿಯಲ್ಲಿ ಇರುತ್ತದೆ. ಟೆಂಪ್‌ಎಫ್‌ಎಸ್ ಅಂತಾರೆ. 12ರಿಂದ ಏರಿಸಿದವರಿಗೂ ಹಾಗೇ ಆಗುತ್ತದೆ. ಒಟ್ಟು ರ‍್ಯಾಮಿನ ಅರ್ಧದವರೆಗೂ ಅದು ಬೆಳೆಯಬಹುದು. ನಾನು ಬಳಸುವ ಸ್ಕ್ಯಾನ್ ಪ್ರೋಗ್ರಾಂ ಜಿಸ್ಕ್ಯಾನ್‌ಟುಪಿಡಿಎಫ್ ಪುಟಗಳನ್ನೆಲ್ಲ ಟಿಎಂಪಿಯಲ್ಲೇ ಇಡುತ್ತದೆ. ಕುಗ್ಗಿಸದ ಒಂದು ಪುಟ ಅಂದರೆ 4960 ಗುಣಿಸು 7016 ಚುಕ್ಕೆ, ಚುಕ್ಕೆಗೆ 3 ಬೈಟ್. 104 ಎಂಬಿ. ಅರ್ಧಕ್ಕೇ ನಿಂತ ಕೆಲಸವನ್ನು ಮತ್ತೆ ತೆರೆಯಲು ಆಗಲಿ ಅಂತ ಕಿಲ್ ಆದ ಮೇಲೂ ಆ ಪುಟಗಳು ಅಲ್ಲೇ ಉಳಿಯುತ್ತವೆ. ಎಚ್‌ಟಾಪ್‌ನಲ್ಲಿ ಅದು ಕಾಣುವುದಿಲ್ಲ, ಯಾಕೆಂದರೆ ಅದು ಯಾವ ಪ್ರೋಗ್ರಾಮಿನದೂ ಅಲ್ಲ, ಫೈಲು. ಡ್ರಾಪ್ ಕ್ಯಾಶಸ್‌ಗೂ ಬಗ್ಗುವುದಿಲ್ಲ. ಕಾಣುವುದು ಫ್ರೀ ಕಮಾಂಡಿನ ಶೇರ್ಡ್ ಕಾಲಂನಲ್ಲಿ. ಎರಡು ತಿಂಗಳು ನಾನು ಆ ಕಾಲಂ ಕಡೆ ಕಣ್ಣೇ ಹಾಯಿಸಿರಲಿಲ್ಲ.

ಸಾಗರದವ

ನಾನು ಹೇಳಿದ್ದೂ ಕಾಲಂ ನೋಡಿ ಅಂತಲೇ.

ಪ್ರಸಂಗ ಸಂಗ್ರಹ, ಶೃಂಗೇರಿ

ನೀವು ಹೇಳಿದ್ದು ಅವೈಲಬಲ್ ಕಾಲಂ, ಮತ್ತು ಗಾಬರಿ ಬೇಡ ಅಂತ. ಇದು ಕ್ಯಾಶ್ ಅಲ್ಲ. ಕೇಳಿದರೆ ಬಿಟ್ಟುಕೊಡುವುದಿಲ್ಲ. ಹೆಚ್ಚೆಂದರೆ ಸ್ವಾಪ್‌ಗೆ ಹೋಗುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಎಷ್ಟು ಜನ ಸುಮ್ನೆ ಕೂತಿದ್ದಾರೋ.

ಹೊಸನಗರದ ತೋಟದವ

ಕರೆಂಟ್ ಹೋಗಿತ್ತು, ಈಗ ನೋಡಿದೆ. ಟೋಟಲ್ 3.7. ಯೂಸ್ಡ್ 2.9. ಅವೈಲಬಲ್ 0.8. ಶೇರ್ಡ್ 1.6! ಟಿಎಂಪಿ ತೆರೆದರೆ ಜಿಸ್ಕ್ಯಾನ್‌ಟುಪಿಡಿಎಫ್ ಹೆಸರಿನ ಮೂರು ಫೋಲ್ಡರ್. ನಾನು 300 ಡಿಪಿಐನಲ್ಲಿ ಮಾಡುವುದು, ಪುಟಕ್ಕೆ 26 ಎಂಬಿ. ಎಣಿಸಿದರೆ 58 ಪುಟ. ಹೋದ ವಾರದ ಮಂಡಿ ಚೀಟಿಗಳೂ ಇದ್ದವು, ರಾಶಿ ಇಡಿ ಅಡಿಕೆಯ ಒಂದು ಚೀಟಿ ಮೂರು ಸಲ. ಬೇಕಾದ್ದನ್ನು ಡಿಸ್ಕ್‌ಗೆ ಹಾಕಿಕೊಂಡು ಮೂರನ್ನೂ ಅಳಿಸಿದೆ. ಯೂಸ್ಡ್ ಕಣ್ಣೆದುರೇ 1.3ಕ್ಕೆ ಇಳಿಯಿತು.

ಪ್ರಸಂಗ ಸಂಗ್ರಹ, ಶೃಂಗೇರಿ

ಸಂತೋಷವಾಯಿತು. ಇನ್ನು ಆ ಪ್ರೋಗ್ರಾಮಿನ ಆಯ್ಕೆಗಳಲ್ಲಿ ತಾತ್ಕಾಲಿಕ ಫೋಲ್ಡರ್ ಬದಲಿಸಿ, ಮನೆ ಫೋಲ್ಡರಿನೊಳಗೆ ಒಂದು ಮಾಡಿಕೊಳ್ಳಿ. ಇಲ್ಲವೆಂದರೆ ಸಿಸ್ಟಂಸಿಟಿಎಲ್ ಕಮಾಂಡಿನಲ್ಲಿ ಟಿಎಂಪಿ.ಮೌಂಟ್ ಅನ್ನು ಮಾಸ್ಕ್ ಮಾಡಿ, ಅಂದರೆ ಏಳದ ಹಾಗೆ ತಡೆದು, ರೀಬೂಟ್ ಕೊಡಿ, ಟಿಎಂಪಿ ಮತ್ತೆ ಡಿಸ್ಕ್‌ಗೆ ಹೋಗುತ್ತದೆ. ನಾನು ಮಾಡಿದ್ದು ಎರಡನೆಯದು.

ಸೊರಬ ಮಳೆಹನಿ

ಮಾಸ್ಕ್ ಬೇಡ. ಸಣ್ಣಪುಟ್ಟ ಫೈಲುಗಳಿಗೆ ಮೆಮೊರಿಯೇ ಒಳ್ಳೆಯದು, ಎಸ್‌ಎಸ್‌ಡಿಗೂ ಬರವಣಿಗೆ ಕಡಿಮೆ. ಟಿಎಂಪಿಯ ಮಿತಿಯನ್ನು 512 ಎಂಬಿಗೆ ಇಳಿಸಿದರೆ ಸಾಕು.

ಪ್ರಸಂಗ ಸಂಗ್ರಹ, ಶೃಂಗೇರಿ

512ಕ್ಕೆ ಇಳಿಸಿದರೆ ಐದನೇ ಪುಟಕ್ಕೆ ಜಾಗ ಇಲ್ಲ ಅಂತ ನಿಲ್ಲುತ್ತದೆ. ಪುಡಿಯಾಗುವ ಹಾಳೆಯನ್ನು ಗಾಜಿನ ಮೇಲಿಟ್ಟು ನೋಡಿ, ಆಮೇಲೆ ಹೇಳಿ.

ತೀರ್ಥಹಳ್ಳಿ ಮೇಷ್ಟ್ರು

ನಾನು ಇನ್ನೂ 12ರಲ್ಲೇ ಇದ್ದೇನೆ. ಏರಿಸಬೇಡಿ ಅಂತ ಎಲ್ಲರಿಗೂ ಹೇಳಿದ್ದೆ. ಮತ್ತೆ, ನನ್ನ ಕ್ರಾನ್ ತೆಗೆದು ನೋಡಿದೆ. ಫೈಲುಗಳು ಬೇಗ ತೆರೆಯುತ್ತಿವೆ. ಅದನ್ನು ಒಪ್ಪುತ್ತೇನೆ. ಓಪನ್‌ಬಾಕ್ಸ್ ಬಿಡುವುದಿಲ್ಲ.

ಸಾಗರದವ

1.5 ವೋಲ್ಟಿನ 4 ಜಿಬಿ ಡಿಡಿಆರ್3 ಲ್ಯಾಪ್‌ಟಾಪ್ ಕಡ್ಡಿ ಯಾರಿಗಾದರೂ ಬೇಕಾ? ಇಂಟೆಲ್ 2ನೇ ತಲೆಮಾರಿನ ಯಂತ್ರಕ್ಕೆ ಆಗುತ್ತದೆ. ದುಡ್ಡು ಬೇಡ. ಶಿವಮೊಗ್ಗ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ಕಗಪ ಕೈ

ನನಗೆ ಬೇಕು. 2011ರ ಲ್ಯಾಪ್‌ಟಾಪ್, ಒಂದು ಸ್ಲಾಟ್ ಖಾಲಿ ಇದೆ. ಬಸ್ ಸ್ಟ್ಯಾಂಡಿನಲ್ಲಿ ನಾನೇ ಬಂದು ಇಸಿದುಕೊಳ್ಳುತ್ತೇನೆ. ಹಾಕುವ ಮೊದಲು ರಬ್ಬರಿನಲ್ಲಿ ಉಜ್ಜುತ್ತೇನೆ.